ಖಿದ್ಮತ್‌ಗೂ ತಪಾಸಣೆ ಬೇಕು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ. ಓದುಗರ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಿ ಬರೆಯಲಾಗಿದೆ.)





ನಮ್ಮ ಸಭೆಗಳಲ್ಲಿ ಶಾಲೆ, ವಿದ್ಯಾರ್ಥಿವೇತನ, ಪರೀಕ್ಷೆ, ನೌಕರಿ ಇವುಗಳ ಬಗ್ಗೆ ಮಾತು ನಡೆಯುತ್ತದೆ. ನಡೆಯಲೇಬೇಕು. ಇಂದು ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ವಯಸ್ಸಾಗಿ ಹಾಸಿಗೆ ಹಿಡಿದವರು, ಮಾನಸಿಕ ಕಾಯಿಲೆ ಇರುವವರು, ಅಂಗವಿಕಲರು, ದಿಕ್ಕಿಲ್ಲದ ಮಕ್ಕಳು, ಇವರನ್ನು ಒಂದೆರಡು ದಿನವಲ್ಲ, ವರ್ಷಗಟ್ಟಲೆ ನೋಡಿಕೊಳ್ಳಬೇಕಾಗುತ್ತದೆ. ಇದಕ್ಕೆ ದೀರ್ಘಕಾಲದ ಆರೈಕೆ ಎನ್ನುತ್ತಾರೆ. ಈ ಆರೈಕೆ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡುವವರು ಯಾರು? ಸರಕಾರ ಏನು ಮಾಡುತ್ತದೆ? ನಾವು ಏನು ಮಾಡಬಹುದು? ಇದೇ ಇಂದಿನ ಮಾತು.

ನಮ್ಮ ಮನೆಗಳಲ್ಲಿ ದಾದಿ, ನಾನಿ ಇರುವಾಗ ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ಕೊಗನೊಳ್ಳಿಯಂಥ ಗಡಿ ಊರಿನ ಮಕ್ಕಳು ಕೆಲಸಕ್ಕಾಗಿ ಕಾಗಲ, ಕೊಲ್ಹಾಪುರ, ಇಚಲಕರಂಜಿ, ಪುಣೆಯವರೆಗೆ ಹೋಗುತ್ತಾರೆ, ಕೆಲವರು ಸಮುದ್ರ ದಾಟಿಯೂ ಹೋಗುತ್ತಾರೆ. ಹಣ ಬರುತ್ತದೆ, ಆದರೆ ಮುದುಕಿಯ ಮಗ್ಗುಲು ಬದಲಿಸುವ ಕೈ ಮನೆಯಲ್ಲಿ ಉಳಿಯುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ 60 ದಾಟಿದವರು ಶೇಕಡಾ 8.6ರಷ್ಟಿದ್ದರೆ, ಕರ್ನಾಟಕದಲ್ಲಿ ಶೇಕಡಾ 9.5ರಷ್ಟಿದ್ದರು.

2025ರ ಮಾರ್ಚ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಒಂದು ನೋವಿನ ಸುದ್ದಿಗಾಗಿ. ಬೆಳಗಾವಿಯ ಸರಕಾರಿ ವೈದ್ಯಕೀಯ ಸಂಸ್ಥೆಯಾದ ಬಿಮ್ಸ್ ಆಸ್ಪತ್ರೆಯೊಂದರಲ್ಲೇ ಮಕ್ಕಳು ಬಿಟ್ಟುಹೋದ ವೃದ್ಧರ ಪ್ರಕರಣಗಳು 150ಕ್ಕಿಂತ ಹೆಚ್ಚಾಗಿವೆ ಎಂಬ ಮಾತು ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರ ಮುಂದೆ ಬಂತು. ಆಸ್ಪತ್ರೆಯಲ್ಲಿ ಊಟ, ಬಟ್ಟೆ, ಹಾಸಿಗೆ ಸಿಗುತ್ತದೆ ಎಂದು ತಿಳಿದೇ ಬಿಟ್ಟುಹೋಗುತ್ತಾರಂತೆ. ಅಂಥ ಮಕ್ಕಳ ಮೇಲೆ ಕಾಯಿದೆ ಪ್ರಕಾರ ಕ್ರಮ ಕೈಗೊಳ್ಳಿರಿ, ಅವರ ಹೆಸರಿಗಾದ ಆಸ್ತಿ ವರ್ಗಾವಣೆಯನ್ನು ರದ್ದು ಮಾಡಿಸಿರಿ ಎಂದು ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಇವರಲ್ಲಿ ಯಾವ ಜಾತಿಯವರು ಎಷ್ಟು, ಯಾವ ಧರ್ಮದವರು ಎಷ್ಟು ಎಂದು ಲೆಕ್ಕ ಹಾಕಿ ಸಮಾಧಾನ ಪಡುವ ವಿಷಯ ಇದಲ್ಲ. ತಂದೆ-ತಾಯಿಗಳ ಬಗ್ಗೆ ಕುರ್‌ಆನ್ ಏನು ಹೇಳಿದೆ ಎಂಬುದನ್ನು ನೀವೆಲ್ಲ ಮದರಸಾದಲ್ಲಿ ಓದಿದವರೇ ಇದ್ದೀರಿ.

ಗುಣಮಟ್ಟ ಎಂದರೇನು?

ಗುಣಮಟ್ಟ ಎಂಬ ಶಬ್ದ ದೊಡ್ಡದು. ವಿದ್ಯಾರ್ಥಿಗಳಿಗೆ ತಿಳಿಯುವಂತೆ ನಮ್ಮ ಶಾಲೆಯ ಬಿಸಿಯೂಟದ ಉದಾಹರಣೆ ಹೇಳುತ್ತೇನೆ. ಕಿರಿಯ ಪ್ರಾಥಮಿಕದ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ ಎಂದು ಬರೆದಿಟ್ಟಿದ್ದಾರೆ. ಇದು ಮೊದಲನೆಯದು, ಅಳತೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು. ಇದು ಎರಡನೆಯದು, ತಪಾಸಣೆ. ರುಚಿ ನೋಡಿದವರು ಯಾರು, ಎಷ್ಟು ಮಕ್ಕಳು ಉಂಡರು ಎಂದು ವಹಿಯಲ್ಲಿ ಬರೆದಿಡಬೇಕು. ಇದು ಮೂರನೆಯದು, ದಾಖಲೆ. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯಲ್ಲಿ ವಿಷ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡ ಮೇಲೆ ಈ ರುಚಿ ನೋಡುವ ನಿಯಮಕ್ಕೆ ಎಲ್ಲೆಡೆ ಬಿಗಿ ಬಂತು. ಅಡುಗೆಯವರು ಕೆಟ್ಟವರು ಎಂದು ಯಾರೂ ಈ ನಿಯಮ ಮಾಡಿಲ್ಲ. ಒಳ್ಳೆಯವರ ಕೈಯಿಂದಲೂ ತಪ್ಪಾಗುತ್ತದೆ, ಆದ್ದರಿಂದ ಇನ್ನೊಬ್ಬರು ನೋಡಬೇಕು, ಅಷ್ಟೆ.

ಆದರೆ ಶಾಲೆಯ ಮಗುವಿಗೂ ಆರೈಕೆಯಲ್ಲಿರುವ ಮುದುಕಿಗೂ ಒಂದು ವ್ಯತ್ಯಾಸವಿದೆ. ಸಾರು ಸಪ್ಪಗಿದ್ದರೆ ನಮ್ಮ ಹುಡುಗ ಸಂಜೆ ಮನೆಗೆ ಓಡಿ ಹೋಗಿ ಅಮ್ಮಿಗೆ ಹೇಳುತ್ತಾನೆ. ಮರುದಿನ ಅಮ್ಮಿ ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಆಶ್ರಮದಲ್ಲಿ ಮಲಗಿದ ಮುದುಕಿ ಸಂಜೆ ಎಲ್ಲಿಗೆ ಹೋಗಬೇಕು? ದೂರು ಹೇಳಿದರೆ ನಾಳೆ ಅನ್ನ ಹಾಕುವ ಕೈಯೇ ಮುನಿಸಿಕೊಂಡೀತು ಎಂಬ ಭಯ. ಮನಸ್ಸು ಅಸ್ವಸ್ಥವಾಗಿರುವವರು ಹೇಳಿದರೂ ನಂಬುವವರಿಲ್ಲ. ಅತ್ತ ಕೂಸಿಗೆ ಹಾಲು ಸಿಗುತ್ತದೆ. ಅಳಲಾರದವರ ಪರವಾಗಿ ಕೇಳುವವರು ಬೇಕಾಗುತ್ತದೆ. ಸರಕಾರದ ತಪಾಸಣೆ ಎಂಬುದರ ಅರ್ಥ ಇದೇ. ಬಾಯಿಲ್ಲದವರಿಗೆ ಬಾಯಿಯಾಗುವುದು.

ಏರ್ವಾಡಿಯ ಬೆಂಕಿ

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯಲ್ಲಿ ಏರ್ವಾಡಿ ಎಂಬ ಊರಿದೆ. ಅಲ್ಲಿಯ ದರ್ಗಾ ಪ್ರಸಿದ್ಧವಾದದ್ದು. ಮಾನಸಿಕ ಕಾಯಿಲೆ ಇರುವವರನ್ನು ಎಲ್ಲ ಧರ್ಮದ ಜನ ದೂರದೂರದಿಂದ ಅಲ್ಲಿಗೆ ಕರೆತರುತ್ತಿದ್ದರು. ಅವರನ್ನು ಇಟ್ಟುಕೊಳ್ಳಲು ದರ್ಗಾದ ಸುತ್ತ ಖಾಸಗಿ ಜನ ಮನೆಗಳನ್ನು ನಡೆಸುತ್ತಿದ್ದರು. 2001ರ ಆಗಸ್ಟ್ 6ರಂದು ಬೆಳಗಿನ ಜಾವ ಅಂಥ ಒಂದು ಮನೆಯ ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ ಹಾಕಿದ್ದರು. ಓಡಲಾಗಲಿಲ್ಲ. 28 ಮಂದಿ ಸುಟ್ಟು ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಆಗ ಕಾಯಿದೆ ಇರಲಿಲ್ಲ ಎಂದಲ್ಲ. 1987ರ ಮಾನಸಿಕ ಆರೋಗ್ಯ ಕಾಯಿದೆ 1993ರಿಂದ ಜಾರಿಯಲ್ಲಿತ್ತು. ಅಂಥ ಮನೆ ನಡೆಸಲು ಪರವಾನಗಿ ಬೇಕು ಎಂದು ಅದರಲ್ಲಿ ಬರೆದಿತ್ತು. ಆದರೂ ಏರ್ವಾಡಿಯ ಮನೆಗಳು ಪರವಾನಗಿಯಿಲ್ಲದೆ, ಎಲ್ಲರ ಕಣ್ಣೆದುರಿಗೇ ನಡೆಯುತ್ತಿದ್ದವು. ಹೇಳುವವರು ಕೇಳುವವರು ಇರಲಿಲ್ಲ. ಬೆಂಕಿ ಬಿದ್ದ ಒಂದು ವಾರಕ್ಕೆ, ಆಗಸ್ಟ್ 13ರಂದು, ಅಲ್ಲಿಯ ಮನೆಗಳನ್ನೆಲ್ಲ ಮುಚ್ಚಿಸಿ 500ಕ್ಕೂ ಹೆಚ್ಚು ಜನರನ್ನು ಸರಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಒಂದು ವಾರದಲ್ಲಿ ಆದ ಕೆಲಸ ಅದಕ್ಕೆ ಮೊದಲು ವರ್ಷಗಟ್ಟಲೆ ಆಗಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವೂ ತಾನಾಗಿಯೇ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು.

ಸರಕಾರಿ ಆಸ್ಪತ್ರೆಗಳೇನು ಇದಕ್ಕೆ ಹೊರತಾಗಿರಲಿಲ್ಲ. ಏರ್ವಾಡಿಗೆ ಎರಡು ವರ್ಷ ಮೊದಲು, 1999ರಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಬೆಂಗಳೂರಿನ ನಿಮ್ಹಾನ್ಸ್ ತಜ್ಞರ ನೆರವಿನಿಂದ ದೇಶದ 37 ಸರಕಾರಿ ಮಾನಸಿಕ ಆಸ್ಪತ್ರೆಗಳನ್ನು ನೋಡಿ ವರದಿ ಪ್ರಕಟಿಸಿತ್ತು. ಜೈಲಿನಂಥ ಕಟ್ಟಡ, ಬೀಗ ಹಾಕಿದ ಕೋಣೆ, ಸಿಬ್ಬಂದಿಯ ಕೊರತೆ, ಇವೆಲ್ಲ ಅದರಲ್ಲಿ ದಾಖಲಾದವು. ಸರಕಾರದ ಒಂದು ಅಂಗವು ಇನ್ನೊಂದು ಅಂಗದ ಕೆಲಸವನ್ನು ತಪಾಸಣೆ ಮಾಡಿದ್ದು ಇದರ ವಿಶೇಷ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರಾರು ಎನ್ನುತ್ತೇವಲ್ಲ, ಬೇಲಿಯನ್ನೂ ನೋಡುವವರು ಬೇಕು.

ಇದೆಲ್ಲದರಿಂದ ಪಾಠ ಕಲಿತು 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂತು, 2018ರಲ್ಲಿ ಜಾರಿಯಾಯಿತು. ಇದರ ಪ್ರಕಾರ ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡು ಆರೈಕೆ ಮಾಡುವ ಸಂಸ್ಥೆಯು ನೋಂದಣಿ ಮಾಡಿಸಲೇಬೇಕು. ಯಾವ ರೂಪದಲ್ಲಿಯೂ ಸರಪಳಿ ಹಾಕುವಂತಿಲ್ಲ. ನೋಂದಣಿಯಾದ ಸಂಸ್ಥೆಗಳನ್ನು ಮೂರು ವರ್ಷಕ್ಕೊಮ್ಮೆ ಪರಿಶೀಲಿಸಬೇಕು, ಪರಿಶೀಲಿಸುವವರಲ್ಲಿ ಸ್ಥಳೀಯ ಸಮಾಜದ ಪ್ರತಿನಿಧಿಗಳೂ ಸೇರಬಹುದು. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬರುತ್ತೇನೆ. ಆದರೂ 2019ರ ಜನವರಿಯಲ್ಲಿ ಉತ್ತರ ಪ್ರದೇಶದ ಬದಾಯೂಂ ಜಿಲ್ಲೆಯ ಒಂದು ಧಾರ್ಮಿಕ ಆಶ್ರಯಸ್ಥಾನದಲ್ಲಿ ರೋಗಿಗಳಿಗೆ ಸರಪಳಿ ಹಾಕಿದ್ದ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಕಾಯಿದೆ ಬರೆದಾಕ್ಷಣ ಸರಪಳಿ ತಾನಾಗಿಯೇ ಕಳಚಿ ಬೀಳುವುದಿಲ್ಲ.

ದರ್ಗಾಕ್ಕೆ ಹೋಗಬೇಡಿರಿ ಎಂದು ನಾನು ಹೇಳುತ್ತಿಲ್ಲ. ಗುಜರಾತಿನ ಉನಾವಾ ಎಂಬಲ್ಲಿಯ ಮೀರಾ ದಾತಾರ ದರ್ಗಾದಲ್ಲಿ ‘ದವಾ-ದುವಾ’ ಎಂಬ ಯೋಜನೆ ನಡೆಯಿತು. ದುವಾ ಕೇಳಲು ಬಂದವರಿಗೆ ಅಲ್ಲಿಯೇ ವೈದ್ಯರು, ಔಷಧಿ ಸಿಗುವ ವ್ಯವಸ್ಥೆ ಅದು. ಮುಜಾವರರೇ ರೋಗಿಗಳನ್ನು ವೈದ್ಯರ ಬಳಿ ಕಳಿಸುತ್ತಿದ್ದರು. ನಂಬಿಕೆಯೂ ಉಳಿಯಿತು, ಚಿಕಿತ್ಸೆಯೂ ಸಿಕ್ಕಿತು.

‘ಬಹುದು’ ಮತ್ತು ‘ತಕ್ಕದ್ದು’

ಈಗ ವೃದ್ಧಾಶ್ರಮಗಳ ವಿಷಯಕ್ಕೆ ಬರೋಣ. ನಾನು ಭಾಷೆಯ ಮೇಷ್ಟ್ರು, ಆದ್ದರಿಂದ ಕಾಯಿದೆಯ ಕ್ರಿಯಾಪದಗಳ ಮೇಲೆ ನನ್ನ ಕಣ್ಣು ಹೋಗುತ್ತದೆ. ಕಾಯಿದೆಯಲ್ಲಿ ‘ಮಾಡತಕ್ಕದ್ದು’ ಎಂದರೆ ಮಾಡಲೇಬೇಕು. ‘ಮಾಡಬಹುದು’ ಎಂದರೆ ಮಾಡಿದರೆ ಒಳ್ಳೆಯದು, ಬಿಟ್ಟರೆ ಕೇಳುವುದು ಕಷ್ಟ.

ಮಕ್ಕಳ ಮನೆಗಳಿಗೆ ಸಂಬಂಧಿಸಿದ 2015ರ ಬಾಲನ್ಯಾಯ ಕಾಯಿದೆಯಲ್ಲಿ ‘ತಕ್ಕದ್ದು’ ಇದೆ. ನಮ್ಮ ಯತೀಮಖಾನೆಗಳೂ ಇದರಡಿ ಬರುತ್ತವೆ. ನೋಂದಣಿ ಮಾಡಿಸದಿದ್ದರೆ ನಡೆಸುವವರಿಗೆ ಒಂದು ವರ್ಷದವರೆಗೆ ಸೆರೆವಾಸ ಇಲ್ಲವೆ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ತಪಾಸಣಾ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಹೋಗಿ ನೋಡತಕ್ಕದ್ದು. ತಂಡದಲ್ಲಿ ಮೂವರಿಗಿಂತ ಕಡಿಮೆ ಇರಬಾರದು, ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕು, ಒಂದು ವಾರದಲ್ಲಿ ವರದಿ ಕೊಡಬೇಕು. ನೋಡಿರಿ, ಎಷ್ಟು ಸ್ಪಷ್ಟವಾಗಿದೆ!

ತಂದೆ-ತಾಯಿ ಹಾಗೂ ಹಿರಿಯ ನಾಗರಿಕರ 2007ರ ಕಾಯಿದೆಯನ್ನು ತೆಗೆಯಿರಿ. ಅದರ 19ನೆಯ ಕಲಮಿನಲ್ಲಿ, ಜಿಲ್ಲೆಗೆ ಒಂದಾದರೂ ಆಗುವಂತೆ, ಕನಿಷ್ಠ 150 ಬಡ ವೃದ್ಧರು ಇರುವಂಥ ಆಶ್ರಮಗಳನ್ನು ರಾಜ್ಯ ಸರಕಾರ ಸ್ಥಾಪಿಸ‘ಬಹುದು’ ಎಂದಿದೆ. ಅಲ್ಲಿಯ ಸೇವೆಗಳ ಮಟ್ಟವನ್ನು ಗೊತ್ತುಪಡಿಸ‘ಬಹುದು’ ಎಂದಿದೆ. ಖಾಸಗಿಯವರು ನಡೆಸುವ ವೃದ್ಧಾಶ್ರಮಗಳೆಲ್ಲ ನೋಂದಣಿ ಮಾಡಿಸಬೇಕು ಎಂಬ ಮಾತು ಈ ಕೇಂದ್ರ ಕಾಯಿದೆಯಲ್ಲಿ ಇಲ್ಲ. ಈ ಕೊರತೆಯನ್ನು ತುಂಬಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡಿಸಿದರು. ನೋಂದಣಿ, ಕನಿಷ್ಠ ಮಟ್ಟ, ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳಿಗೂ ನಿಯಮ, ಎಲ್ಲವೂ ಅದರಲ್ಲಿತ್ತು. ಆದರೆ ಅದು ಅಂಗೀಕಾರವಾಗದೆ ಆ ಲೋಕಸಭೆಯೊಂದಿಗೆ ಬಿದ್ದುಹೋಯಿತು. ಅದಕ್ಕೂ ಒಂದು ವರ್ಷ ಮೊದಲು, 2018ರ ಡಿಸೆಂಬರಿನಲ್ಲಿ, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಮಾಹಿತಿ ತರಿಸಿಕೊಳ್ಳಿರಿ ಎಂದು ಸರ್ವೋಚ್ಚ ನ್ಯಾಯಾಲಯವು ಸರಕಾರಕ್ಕೆ ಹೇಳಬೇಕಾಗಿ ಬಂದಿತ್ತು. ಎಣಿಕೆಯೇ ಇಲ್ಲದಿದ್ದರೆ ತಪಾಸಣೆ ಎಲ್ಲಿಂದ ಬರಬೇಕು?

ಹೀಗೆ ಮಗುವಿಗೆ ಮೂರು ತಿಂಗಳು, ಮಾನಸಿಕ ರೋಗಿಗೆ ಮೂರು ವರ್ಷ. ಮುದುಕ-ಮುದುಕಿಯರಿಗೆ ಇಡೀ ದೇಶಕ್ಕೆ ಅನ್ವಯವಾಗುವ ಗಡುವು ಯಾವುದೂ ಇಲ್ಲ. ಕೆಲವು ರಾಜ್ಯಗಳು ತಮ್ಮದೇ ನಿಯಮ ಮಾಡಿಕೊಂಡಿವೆ. ಸರಕಾರದ ಅನುದಾನ ಪಡೆಯುವ ಆಶ್ರಮಗಳಿಗೆ ಅನುದಾನದ ಷರತ್ತುಗಳಿವೆ. ದಾನದಿಂದಲೇ ಅಥವಾ ಶುಲ್ಕದಿಂದಲೇ ನಡೆಯುವ ಆಶ್ರಮದ ಬಾಗಿಲು ತಟ್ಟುವವರು ವಿರಳ.

ಹೊರದೇಶಗಳ ಪಾಠ

ಹೊರದೇಶಗಳಲ್ಲಿ ಎಲ್ಲವೂ ಸರಿಯಾಗಿದೆ ಎಂದು ತಿಳಿಯಬೇಡಿರಿ. ಜರ್ಮನಿಯಲ್ಲಿ 1995ರಿಂದ ದೀರ್ಘಕಾಲದ ಆರೈಕೆಗೆ ಕಡ್ಡಾಯ ವಿಮೆ ಇದೆ. 2009ರಲ್ಲಿ ಅಲ್ಲಿಯ ಆರೈಕೆ ಕೇಂದ್ರಗಳಿಗೆ ಶಾಲೆಯ ಮಕ್ಕಳಿಗೆ ಕೊಟ್ಟಂತೆ ಅಂಕ ಕೊಡಲು ಶುರು ಮಾಡಿದರು. ಏನಾಯಿತು? ಬಹುತೇಕ ಎಲ್ಲ ಕೇಂದ್ರಗಳೂ ಪ್ರಥಮ ದರ್ಜೆಯಲ್ಲಿ ಪಾಸಾದವು! ರೋಗಿಯ ಮೈಮೇಲೆ ಹಾಸಿಗೆ ಹುಣ್ಣಾಗಿದ್ದರೂ, ಊಟದ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಿದ್ದಕ್ಕೆ ಸಿಕ್ಕ ಅಂಕ ಆ ಕೊರತೆಯನ್ನು ಮುಚ್ಚಿಬಿಡುತ್ತಿತ್ತು. ಟೀಕೆ ಹೆಚ್ಚಾಗಿ 2019ರಲ್ಲಿ ಆ ಪದ್ಧತಿಯನ್ನೇ ಬದಲಿಸಿದರು. ಕಾಗದ ನೋಡಿ ಅಂಕ ಕೊಟ್ಟರೆ ಕಾಗದ ಚೆನ್ನಾಗುತ್ತದೆ. ಮೈ ನೋಡಿ ಅಂಕ ಕೊಡಬೇಕು.

ಇಂಗ್ಲೆಂಡಿನಲ್ಲಿ 2009ರಿಂದ ಆರೈಕೆಯ ಗುಣಮಟ್ಟ ನೋಡಲೆಂದೇ ಒಂದು ಆಯೋಗವಿದೆ. 2011ರಲ್ಲಿ ಬ್ರಿಸ್ಟಲ್ ಬಳಿಯ ಒಂದು ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರನ್ನು ಹೊಡೆಯುತ್ತಿದ್ದುದನ್ನು ಬಿ.ಬಿ.ಸಿ. ದೂರದರ್ಶನ ಗುಪ್ತ ಕ್ಯಾಮೆರಾದಲ್ಲಿ ಹಿಡಿದು ತೋರಿಸಿತು. ಅಲ್ಲಿಯೇ ಕೆಲಸ ಮಾಡುತ್ತಿದ್ದ ನರ್ಸ್ ಒಬ್ಬರು ಮೊದಲೇ ಆಯೋಗಕ್ಕೆ ತಿಳಿಸಿದ್ದರು, ಆಯೋಗ ಕಿವಿಗೊಟ್ಟಿರಲಿಲ್ಲ. ತಪಾಸಣೆಯ ಕಚೇರಿ ತೆರೆದರೆ ಸಾಲದು, ಒಳಗಿನಿಂದ ಬರುವ ದನಿಯನ್ನು ಕೇಳಿಸಿಕೊಳ್ಳುವ ಕಿವಿಯೂ ಅದಕ್ಕಿರಬೇಕು ಎಂಬುದು ಅಲ್ಲಿಯ ಪಾಠ.

ನಮ್ಮ ಪರಂಪರೆಯಲ್ಲಿ

“ನಾವು ಅಲ್ಲಾಹನ ಮೆಚ್ಚುಗೆಗಾಗಿ ಖಿದ್ಮತ್ ಮಾಡುತ್ತೇವೆ, ನಮ್ಮನ್ನು ತಪಾಸಣೆ ಮಾಡಲು ಇವರ್ಯಾರು?” ಎಂದು ಕೇಳುವವರು ನಮ್ಮಲ್ಲಿದ್ದಾರೆ. ಅವರ ನಿಯತ್ತಿನ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಇತಿಹಾಸ ನೋಡಿದರೆ ತಪಾಸಣೆ ನಮಗೆ ಹೊಸದಲ್ಲ. ಮುಸ್ಲಿಂ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದನು. ಬಜಾರಿನ ತೂಕ-ಅಳತೆ ನೋಡುವುದರ ಜೊತೆಗೆ ಹಕೀಮರ ಮತ್ತು ಔಷಧಿ ಮಾರುವವರ ಕೆಲಸವನ್ನು ಪರೀಕ್ಷಿಸುವುದೂ ಅವನ ಹೊಣೆಯಾಗಿತ್ತು. ಅದಕ್ಕೆಂದೇ ಕೈಪಿಡಿಗಳನ್ನು ಬರೆದಿದ್ದರು. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ದೊಡ್ಡ ಆಸ್ಪತ್ರೆ ವಕ್ಫ್ ಆದಾಯದಿಂದ ನಡೆಯಿತು. ಯಾರಿಗೆ ಯಾವ ಸೇವೆ ಸಿಗಬೇಕು ಎಂಬುದನ್ನು ವಕ್ಫ್ ಪತ್ರದಲ್ಲಿಯೇ ಬರೆದಿಟ್ಟಿದ್ದರು. ಸುಲ್ತಾನನ ದಾನವೂ ಬರೆದಿಟ್ಟ ಷರತ್ತಿನ ಪ್ರಕಾರ ನಡೆಯಬೇಕಾಗಿತ್ತು ಎಂದ ಮೇಲೆ ನಮ್ಮ ನಿಮ್ಮ ದಾನದ್ದೇನು ಹೆಚ್ಚು? ಆಖಿರತ್ತಿನಲ್ಲಿ ಹಿಸಾಬು ಕೊಡಬೇಕು ಎಂದು ನಂಬುವ ನಾವು ಇಲ್ಲಿ ಹಿಸಾಬು ಕೇಳಿದವರ ಮೇಲೆ ಸಿಟ್ಟಾಗಬಾರದು.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, 2007ರ ಕಾಯಿದೆಯ ನ್ಯಾಯಮಂಡಳಿ ನಮಗೆ ದೂರವಿಲ್ಲ. ಉಪವಿಭಾಗಾಧಿಕಾರಿಗಳೇ ಅದರ ಅಧ್ಯಕ್ಷರು, ನಮಗೆ ಅವರ ಕಚೇರಿ ಚಿಕ್ಕೋಡಿಯಲ್ಲಿದೆ. ಮಕ್ಕಳು ನೋಡಿಕೊಳ್ಳದಿದ್ದರೆ ತಂದೆ-ತಾಯಿ ಅಲ್ಲಿ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶದ ಆದೇಶವಾಗಬಹುದು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ 23ನೆಯ ಕಲಮಿನ ಪ್ರಕಾರ ಆ ವರ್ಗಾವಣೆ ರದ್ದಾಗಬಹುದು. ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಸೆರೆವಾಸವಿದೆ. ಇನ್ನೂ ಮುಖ್ಯವಾದ ಮಾತೆಂದರೆ, ವೃದ್ಧರು ಸ್ವತಃ ಬರಲಾರದಿದ್ದರೆ ಅವರು ಒಪ್ಪಿಗೆ ಕೊಟ್ಟ ನೋಂದಾಯಿತ ಸಂಘವೂ ಅವರ ಪರವಾಗಿ ಅರ್ಜಿ ಹಾಕಬಹುದು. ನಮ್ಮಂಥ ಸಂಘಗಳಿಗೆ ಕಾಯಿದೆಯೇ ಕೊಟ್ಟ ಅಧಿಕಾರ ಇದು.

ಎರಡನೆಯದಾಗಿ, ಯಾವುದೇ ಆಶ್ರಮಕ್ಕೆ, ಯತೀಮಖಾನೆಗೆ ಝಕಾತ್ ಅಥವಾ ಚಂದಾ ಕೊಡುವ ಮೊದಲು ಹೋಗಿ ನೋಡಿರಿ. ಹೇಳದೆ ಹೋಗಿರಿ. ಹಣ್ಣು ಹಂಚಿ ಫೋಟೋ ತೆಗೆಸಿಕೊಂಡು ಬರುವುದು ಭೇಟಿಯಲ್ಲ. ಈ ಪ್ರಶ್ನೆಗಳನ್ನು ಕೇಳಿರಿ:

ನೋಂದಣಿ ಪತ್ರ ಎಲ್ಲಿದೆ? ಕೊನೆಯ ಬಾರಿ ತಪಾಸಣೆಗೆ ಯಾರು, ಯಾವಾಗ ಬಂದಿದ್ದರು?
ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ? ಹೆಣ್ಣುಮಕ್ಕಳ ಕಡೆಗೆ ಹೆಂಗಸರೇ ಇದ್ದಾರೆಯೆ?
ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾರೆಯೆ? ಬೆಂಕಿ ಬಿದ್ದರೆ ಹೊರಗೆ ಬರಲು ಇನ್ನೊಂದು ದಾರಿ ಇದೆಯೆ?
ಹಾಸಿಗೆ ಹಿಡಿದವರ ಮಗ್ಗುಲು ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತಾರೆ? ಬೆನ್ನಿನ ಮೇಲೆ ಹುಣ್ಣಾಗಿದೆಯೆ?
ಯಾರಿಗೆ ಯಾವ ಔಷಧಿ ಕೊಟ್ಟರು ಎಂಬ ವಹಿ ಇದೆಯೆ?
ಅಲ್ಲಿರುವವರು ಮನೆಯವರಿಗೆ ಫೋನ್ ಮಾಡಬಹುದೆ? ಸಿಬ್ಬಂದಿ ಪಕ್ಕದಲ್ಲಿಲ್ಲದಾಗ ಅವರೊಂದಿಗೆ ಮಾತಾಡಲು ಬಿಡುತ್ತಾರೆಯೆ?

ಒಳ್ಳೆಯ ಸಂಸ್ಥೆಯವರು ಇದಕ್ಕೆಲ್ಲ ಸಂತೋಷದಿಂದ ಉತ್ತರ ಕೊಡುತ್ತಾರೆ. ಸಿಟ್ಟಾದರೆ ಅದೂ ಒಂದು ಉತ್ತರವೇ. ಸರಿಯಿಲ್ಲ ಎನಿಸಿದರೆ ಜಿಲ್ಲಾ ಆಡಳಿತಕ್ಕೆ ಬರೆದು ತಿಳಿಸಿರಿ. ಹಿರಿಯ ನಾಗರಿಕರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567. ಮಾನಸಿಕ ತೊಂದರೆಗೆ ಸಲಹೆ ಕೊಡಲು 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಂಖ್ಯೆ 14416. ಈ ಎರಡೂ ಸಂಖ್ಯೆಗಳನ್ನು ವಿದ್ಯಾರ್ಥಿಗಳು ಇಂದೇ ಬರೆದುಕೊಳ್ಳಿರಿ, ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಅಂಟಿಸಿರಿ.

ಮೂರನೆಯದಾಗಿ, ತಪಾಸಣೆಯಲ್ಲಿ ಸ್ಥಳೀಯ ಸಮಾಜದವರಿಗೆ ಸ್ಥಾನವಿದೆ ಎಂದು ಆಗ ಹೇಳಿದೆನಲ್ಲ. ಆ ಸ್ಥಾನ ತುಂಬಲು ಓದಿದವರು ಬೇಕು. ನರ್ಸಿಂಗ್, ಸಮಾಜಕಾರ್ಯ, ಮನಃಶಾಸ್ತ್ರ, ಕಾನೂನು ಓದುವ ನಮ್ಮ ಹುಡುಗ-ಹುಡುಗಿಯರು ಈ ಕೆಲಸಕ್ಕೆ ಮುಂದೆ ಬರಬೇಕು. ಎಲ್ಲರೂ ಡಾಕ್ಟರ್, ಇಂಜಿನಿಯರ್ ಆಗಬೇಕಾಗಿಲ್ಲ.

ಕೊನೆಯದಾಗಿ, ಮನೆಯ ಮಾತು. ನಮ್ಮಲ್ಲಿ ಹೆಚ್ಚಿನ ಆರೈಕೆ ಇಂದಿಗೂ ನಡೆಯುವುದು ಮನೆಯೊಳಗೇ, ಅದೂ ಸೊಸೆಯರ, ಹೆಣ್ಣುಮಕ್ಕಳ ಕೈಯಿಂದ. ಅಲ್ಲಿಗೆ ಯಾವ ಸಮಿತಿಯೂ ಬರುವುದಿಲ್ಲ. ಮಾನಸಿಕ ಕಾಯಿಲೆಯವರನ್ನು ಮನೆಯಲ್ಲಿ ಹಿಂಸಿಸುತ್ತಿದ್ದರೆ ಅಥವಾ ಅಲಕ್ಷ್ಯ ಮಾಡುತ್ತಿದ್ದರೆ, ತಿಳಿದವರು ಪೊಲೀಸ್ ಠಾಣೆಗೆ ತಿಳಿಸಬೇಕು ಎಂದು 2017ರ ಕಾಯಿದೆ ಹೇಳುತ್ತದೆ. ಆದರೆ ಠಾಣೆಯವರೆಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಬಹಳಷ್ಟಿದೆ. ಜುಮ್ಮಾ ನಮಾಜು ಮುಗಿದ ಮೇಲೆ ಓಣಿಯಲ್ಲಿ ಹಾಸಿಗೆ ಹಿಡಿದವರ ಮನೆಗೆ ಇಬ್ಬರು ಹೋಗಿ ಮಾತಾಡಿಸಿ ಬರುವುದು, ದಣಿದ ಸೊಸೆಗೆ ಅರ್ಧ ದಿನ ಬಿಡುವು ಸಿಗುವಂತೆ ನೋಡುವುದು, ಇದಕ್ಕೆ ಕಾಯಿದೆ ಬೇಕಾಗಿಲ್ಲ. ರೋಗಿಯನ್ನು ವಿಚಾರಿಸಿಕೊಂಡು ಬರುವುದು ನಮಗೆ ಧರ್ಮವೇ ಕಲಿಸಿದ ಕೆಲಸ. ಹೋದಾಗ ಕಣ್ಣು ತೆರೆದು ನೋಡಿ ಬರುವುದನ್ನು ನಾವು ಕಲಿತುಕೊಳ್ಳಬೇಕು.

ನಮ್ಮ ಸಂಘ ಮುಂದೊಂದು ದಿನ ಇಂಥ ಒಂದು ಮನೆ ತೆರೆದರೆ, ಅಡಿಗಲ್ಲು ಇಡುವ ಮೊದಲು ನೋಂದಣಿಯ ಅರ್ಜಿ ಹೋಗಲಿ, ಮೊದಲ ತಪಾಸಣೆಗೆ ನಾವೇ ಅಧಿಕಾರಿಗಳನ್ನು ಕರೆಯೋಣ ಎಂಬುದು ನನ್ನ ವಿನಂತಿ.